ಕಾಪಿರೈಟ್ ನವೀಕರಿಸಲು ಮರೆತಿದ್ದಕ್ಕೇ ಆ ಸಿನಿಮಾ ಉಳಿಯಿತೇ?

ಪ್ರಶ್ನೆ: ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಬಿಡುಗಡೆಯಾದಾಗ ನೆಲಕಚ್ಚಿತ್ತಂತೆ. ಆಮೇಲೆ ಯಾರೋ ಕಾಪಿರೈಟ್ ನವೀಕರಿಸಲು ಮರೆತು, ಟೀವಿಯವರು ಪುಕ್ಕಟೆ ಹಾಕಿ ಹಾಕಿ ಕ್ಲಾಸಿಕ್ ಆಯಿತಂತೆ. ನಿಜವೇ?

ಮರೆತದ್ದು ನಿಜ, ಪುಕ್ಕಟೆ ಹಾಕಿದ್ದೂ ನಿಜ. ‘ನೆಲಕಚ್ಚಿತ್ತು’ ಅನ್ನುವುದಕ್ಕೆ ಸ್ವಲ್ಪ ಉಪ್ಪುಖಾರ ಸೇರಿದೆ. ಅದರಿಂದಲೇ ಕ್ಲಾಸಿಕ್ ಆಯಿತು ಅನ್ನುವುದನ್ನು ಮಾತ್ರ ನಾನು ಅರ್ಧಕ್ಕಿಂತ ಹೆಚ್ಚು ಒಪ್ಪಲಾರೆ.

ಈ ಸಿನಿಮಾದ ಕಥೆ ಓದುಗರ ಕೈಗೆ ಮೊದಲು ಬಂದದ್ದು ಶುಭಾಶಯ ಪತ್ರವಾಗಿ. ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್ ಎಂಬ ಅಮೆರಿಕದ ಲೇಖಕನಿಗೆ 1938ರಲ್ಲಿ ಒಂದು ಎಳೆ ಹೊಳೆಯಿತು: ‘ನಾನು ಹುಟ್ಟಲೇಬಾರದಿತ್ತು’ ಅನ್ನುವವನಿಗೆ ಅವನು ಹುಟ್ಟದ ಊರನ್ನೇ ಕರೆದೊಯ್ದು ತೋರಿಸಿದರೆ? ಬರೆದು ಮುಗಿಸಿದ ಕಥೆಯನ್ನು ಯಾವ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ. ಸ್ಟರ್ನ್ 1943ರ ಕ್ರಿಸ್‌ಮಸ್‌ಗೆ ತಾನೇ 200 ಪ್ರತಿ ಅಚ್ಚು ಹಾಕಿಸಿ ಸ್ನೇಹಿತರಿಗೆಲ್ಲ ಹಂಚಿದ. ಒಂದು ಪ್ರತಿ ಹೇಗೋ ಹಾಲಿವುಡ್ ಮುಟ್ಟಿ, ಆರ್‌ಕೆಓ ಸ್ಟುಡಿಯೋ 10,000 ಡಾಲರ್ ಕೊಟ್ಟು ಹಕ್ಕು ಕೊಂಡಿತು. ಕ್ಯಾರಿ ಗ್ರಾಂಟ್‌ಗೆ ಅಂತ ಚಿತ್ರಕಥೆ ಬರೆಸಿದ್ದೇ ಬರೆಸಿದ್ದು, ಒಂದೂ ಕೈಗೂಡಲಿಲ್ಲ. ಕೊನೆಗೆ ಅದು ಫ್ರಾಂಕ್ ಕಾಪ್ರಾ ಪಾಲಿಗೆ ಬಂತು. ಆ 200 ಪ್ರತಿಯ ಪುಸ್ತಿಕೆಯನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಕಾಪ್ರಾ ಸಿಸಿಲಿಯ ಬಡ ಕುಟುಂಬದಲ್ಲಿ ಹುಟ್ಟಿ, ಐದಾರು ವರ್ಷದವನಿದ್ದಾಗ ಹಡಗಿನಲ್ಲಿ ಅಮೆರಿಕಕ್ಕೆ ಬಂದವನು. ಯುದ್ಧಕ್ಕೆ ಮುಂಚೆಯೇ ಮೂರು ಸಲ ನಿರ್ದೇಶನದ ಆಸ್ಕರ್ ಗೆದ್ದಿದ್ದ. ಯುದ್ಧದ ವರ್ಷಗಳನ್ನು ಸೈನ್ಯಕ್ಕಾಗಿ ಸಾಕ್ಷ್ಯಚಿತ್ರ ಮಾಡುತ್ತ ಕಳೆದ. ವಾಪಸು ಬಂದವನಿಗೆ ಸ್ಟುಡಿಯೋ ಯಜಮಾನರ ಕೈಕೆಳಗೆ ದುಡಿಯುವ ಮನಸ್ಸಿರಲಿಲ್ಲ. ವಿಲಿಯಂ ವೈಲರ್, ಜಾರ್ಜ್ ಸ್ಟೀವನ್ಸ್ ಮೊದಲಾದವರ ಜೊತೆ ಸೇರಿ ‘ಲಿಬರ್ಟಿ ಫಿಲ್ಮ್ಸ್’ ಶುರುಮಾಡಿದ. ಈ ಸಿನಿಮಾ ಅದರ ಮೊದಲ ಕೂಸು.

ನಾಯಕ ಜೇಮ್ಸ್ ಸ್ಟುವರ್ಟ್ ಕೂಡ ಆಗಷ್ಟೇ ಯುದ್ಧದಿಂದ ಬಂದಿದ್ದ, ಅದೂ ಬಾಂಬರ್ ವಿಮಾನ ಹಾರಿಸಿ, ಕರ್ನಲ್ ಆಗಿ. ಮತ್ತೆ ಮುಖಕ್ಕೆ ಬಣ್ಣ ಹಚ್ಚಿ ನಿಲ್ಲುವುದರಲ್ಲಿ ಅರ್ಥವಿದೆಯೇ ಎಂಬ ಅನುಮಾನ ಅವನನ್ನು ಕಾಡುತ್ತಿತ್ತು. ಆಗ ಧೈರ್ಯ ತುಂಬಿದವನು ತೆರೆಯ ಮೇಲೆ ಅವನನ್ನು ಹುರಿದು ಮುಕ್ಕುವ ಶ್ರೀಮಂತ ಪಾಟರ್‌ನ ಪಾತ್ರ ಮಾಡಿದ ಹಿರಿಯ ನಟ ಲಯನೆಲ್ ಬ್ಯಾರಿಮೋರ್. ನಾಯಕಿ ಡೊನ್ನಾ ರೀಡ್ ಅಯೋವಾದ ರೈತರ ಮಗಳು. ಪಾಳುಮನೆಯ ಕಿಟಕಿಗೆ ಆಕೆ ಕಲ್ಲೆಸೆಯುವ ದೃಶ್ಯಕ್ಕೆಂದು ಗುರಿಕಾರನೊಬ್ಬನನ್ನು ಗೊತ್ತುಮಾಡಿ ಇಟ್ಟಿದ್ದರಂತೆ. ಆಕೆ ಕಲ್ಲು ಬೀಸಿ ತಾನೇ ಗಾಜು ಒಡೆದಳು.

ಚಿತ್ರೀಕರಣ ನಡೆದದ್ದು 1946ರ ಏಪ್ರಿಲ್‌ನಿಂದ ಜುಲೈವರೆಗೆ, ಕ್ಯಾಲಿಫೋರ್ನಿಯಾದ ಬಿರುಬೇಸಿಗೆಯಲ್ಲಿ. ಕಥೆಗೆ ಬೇಕಾದದ್ದು ಹಿಮ. ಅಲ್ಲಿಯವರೆಗೆ ಸ್ಟುಡಿಯೋಗಳಲ್ಲಿ ಹಿಮವೆಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ನಟರು ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಹಾಗೆ ಕುರುಕುರು ಸದ್ದು, ಹಾಗಾಗಿ ಮಾತನ್ನೆಲ್ಲ ಆಮೇಲೆ ಡಬ್ ಮಾಡಬೇಕಿತ್ತು. ಆರ್‌ಕೆಓದ ತಂತ್ರಜ್ಞರು ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಗಾಳಿಯಂತ್ರದಿಂದ ತೂರಿ ಸದ್ದಿಲ್ಲದ ಹಿಮ ಸುರಿಸಿದರು. ಸೇತುವೆಯ ದೃಶ್ಯದಲ್ಲಿ ಸ್ಟುವರ್ಟ್ ಮುಖ ನೋಡಿ. ಸುತ್ತ ಹಿಮ ಬೀಳುತ್ತಿದೆ, ಹಣೆಯಲ್ಲಿ ಬೆವರು ಹೊಳೆಯುತ್ತಿದೆ. ಐದು ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕರೂ ಒಂದನ್ನೂ ಗೆಲ್ಲದ ಈ ಸಿನಿಮಾಕ್ಕೆ ಅಕಾಡೆಮಿಯಿಂದ ಕಡೆಗೆ ದಕ್ಕಿದ್ದು ಈ ಹಿಮಕ್ಕೆ ಕೊಟ್ಟ ತಾಂತ್ರಿಕ ಪ್ರಶಸ್ತಿ ಮಾತ್ರ.

ಸೋಲಿನ ವಿಷಯಕ್ಕೆ ಬರೋಣ. ಖರ್ಚು 30 ಲಕ್ಷ ಡಾಲರ್ ದಾಟಿತ್ತು, ಬಂದದ್ದು ಸುಮಾರು 33 ಲಕ್ಷ. ಪ್ರಚಾರ, ಪ್ರಿಂಟುಗಳ ವೆಚ್ಚ ಕಳೆದು ಆರ್‌ಕೆಓ 5,25,000 ಡಾಲರ್ ನಷ್ಟ ಬರೆದುಕೊಂಡಿತು. ಅಂದರೆ ಜನ ಬರಲಿಲ್ಲ ಅಂತಲ್ಲ, ಆ ಖರ್ಚಿಗೆ ಸಾಕಾಗುವಷ್ಟು ಬರಲಿಲ್ಲ. ಆಸ್ಕರ್ ಸ್ಪರ್ಧೆಗೆ ಸಿಗಲಿ ಅಂತ ಬಿಡುಗಡೆಯನ್ನು ಬೇಗನೇ 1946ರ ಡಿಸೆಂಬರ್‌ಗೆ ತಂದಿದ್ದರು. ಅಲ್ಲಿ ಎದುರಾದದ್ದು ಲಿಬರ್ಟಿಯ ಪಾಲುದಾರ ವೈಲರ್ ಬೇರೆ ನಿರ್ಮಾಪಕನಿಗೆ ಮಾಡಿಕೊಟ್ಟಿದ್ದ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’! ಅದು ಪ್ರಶಸ್ತಿಗಳನ್ನು ಗುಡಿಸಿ ಹಾಕಿಕೊಂಡು ಹೋಯಿತು. ಲಿಬರ್ಟಿ ಫಿಲ್ಮ್ಸ್ 1947ರಲ್ಲೇ ಪ್ಯಾರಾಮೌಂಟ್ ಪಾಲಾಯಿತು. ಅದೇ ವರ್ಷ ಎಫ್‌ಬಿಐ ತನ್ನ ಕಡತವೊಂದರಲ್ಲಿ, ಬ್ಯಾಂಕರನ್ನು ಖಳನಾಗಿ ತೋರಿಸುವ ಈ ಚಿತ್ರ ಕಮ್ಯುನಿಸ್ಟರ ಕೈವಾಡ ಇರಬಹುದೆಂಬ ಶಂಕೆ ದಾಖಲಿಸಿತು. ನಗಬೇಕೋ ಅಳಬೇಕೋ ತಿಳಿಯದು. ಕಾಪ್ರಾ ಜೀವನಪೂರ್ತಿ ರಿಪಬ್ಲಿಕನ್ ಪಕ್ಷದ ಕಡೆಯವನಾಗಿದ್ದ.

ಈಗ ಮರೆವಿನ ಕಥೆ. ಅಮೆರಿಕದ ಅಂದಿನ ಕಾನೂನಿನಲ್ಲಿ ಕಾಪಿರೈಟ್ 28 ವರ್ಷ ಇರುತ್ತಿತ್ತು, ಅರ್ಜಿ ಹಾಕಿದರೆ ಇನ್ನೊಂದು 28. ಹಾಕದಿದ್ದರೆ ಕೃತಿ ಎಲ್ಲರ ಸ್ವತ್ತು. (ನಮ್ಮಲ್ಲಿ ಹೀಗಾಗುವಂತಿಲ್ಲ. 1957ರ ಭಾರತೀಯ ಕಾಯ್ದೆಯಲ್ಲಿ ನವೀಕರಣದ ಗೋಜೇ ಇಲ್ಲ, ಈಗ ಸಿನಿಮಾಕ್ಕೆ ನೇರವಾಗಿ 60 ವರ್ಷ.) ಕೈಯಿಂದ ಕೈಗೆ ದಾಟಿ ಹಕ್ಕುಗಳು ಎನ್‌ಟಿಎ ಎಂಬ ಟೀವಿ ವಿತರಣಾ ಕಂಪನಿಗೆ ಬಂದಿದ್ದವು. 1974ರಲ್ಲಿ ಆ ಕಂಪನಿ ಅರ್ಜಿ ಹಾಕಲಿಲ್ಲ. ಡಿಸೆಂಬರ್ ಬಂತೆಂದರೆ ಊರೂರಿನ ಟೀವಿ ಕೇಂದ್ರಗಳಿಗೆ ಹಬ್ಬ. ಬಾಡಿಗೆ ಇಲ್ಲದ, ಕ್ರಿಸ್‌ಮಸ್ ಈವ್‌ನಲ್ಲಿ ಮುಗಿಯುವ ಸಿನಿಮಾ! ಒಂದೇ ಸಂಜೆ ಮೂರು ಚಾನೆಲ್ ತಿರುಗಿಸಿದರೆ ಮೂರರಲ್ಲೂ ಸ್ಟುವರ್ಟ್ ಹಿಮದಲ್ಲಿ ಓಡುತ್ತಿರುತ್ತಿದ್ದ. ಯಾರೂ ಕೇಳುವವರಿಲ್ಲದ್ದರಿಂದ 1980ರ ದಶಕದಲ್ಲಿ ಅದಕ್ಕೆ ಕಂಪ್ಯೂಟರ್ ಬಣ್ಣವನ್ನೂ ಬಳಿದರು. ಕಾಪ್ರಾ, ಸ್ಟುವರ್ಟ್ ಬಹಿರಂಗವಾಗಿ ವಿರೋಧಿಸಿದರೂ ತಡೆಯುವ ಹಕ್ಕು ಅವರ ಕೈಲಿರಲಿಲ್ಲ.

ನನ್ನ ತಕರಾರು ಇಷ್ಟೆ. ನವೀಕರಣವಾಗದೆ ಆ ಕಾಲದಲ್ಲಿ ಬಿಟ್ಟುಹೋದ ಸಿನಿಮಾಗಳು ಎಷ್ಟೋ ಇವೆ. ಅವೂ ಪುಕ್ಕಟೆಯೇ. ಅವನ್ನು ಯಾರೂ ವರ್ಷ ವರ್ಷ ಮನೆಮಂದಿಯೆಲ್ಲ ಕೂತು ನೋಡಲಿಲ್ಲ. ಪುಕ್ಕಟೆ ಸಿಕ್ಕಿದ್ದು ಬಾಗಿಲು ತೆರೆಯಿತು, ಸರಿ. ಒಳಗೆ ಬಂದವರು ಯಾಕೆ ಕೂತರು?

ಹಬ್ಬದ ಸಿನಿಮಾ ಎಂಬ ಹಣೆಪಟ್ಟಿ ನಂಬಿ ನೋಡಿದವರಿಗೆ ಇದು ಎಷ್ಟು ಕಹಿ ಅಂತ ಗೊತ್ತು. ಸ್ಟುವರ್ಟ್ ಮಾಡಿದ ಪಾತ್ರ ಜಾರ್ಜ್ ಬೇಲಿ ಊರು ಬಿಟ್ಟು ಲೋಕ ನೋಡಬೇಕೆಂದಿದ್ದವನು, ಅಪ್ಪನ ‘ಬಿಲ್ಡಿಂಗ್ ಅಂಡ್ ಲೋನ್’ಗೆ ಕಟ್ಟುಬೀಳುತ್ತಾನೆ. ನಮ್ಮ ಪತ್ತಿನ ಸಹಕಾರ ಸಂಘದಂಥದು ಅದು. ಸದಸ್ಯರದೇ ಠೇವಣಿ, ಸದಸ್ಯರಿಗೇ ಮನೆ ಸಾಲ. ಒಂದು ದಿನ ಎಲ್ಲರೂ ಒಮ್ಮೆಲೇ ದುಡ್ಡು ವಾಪಸು ಕೇಳಿ ಮುಗಿಬೀಳುತ್ತಾರೆ. ದುಡ್ಡು ಪೆಟ್ಟಿಗೆಯಲ್ಲಿಲ್ಲ, ನಿಮ್ಮ ಪಕ್ಕದವರ ಮನೆಯಾಗಿ ನಿಂತಿದೆ ಅಂತ ಜಾರ್ಜ್ ಗಂಟಲು ಹರಿದುಕೊಳ್ಳುತ್ತಾನೆ. ಮಧುಚಂದ್ರಕ್ಕೆ ಎತ್ತಿಟ್ಟಿದ್ದ 2,000 ಡಾಲರನ್ನೇ ಹಂಚಲು ಕೂರುತ್ತಾನೆ. ಮೊದಲು ಬಂದವನು ಪೂರ್ತಿ ಹಣ ಬೇಕೆಂದು ಹಟ ಹಿಡಿಯುತ್ತಾನೆ. ಆಮೇಲೆ ಒಬ್ಬ ಹೆಂಗಸು ಸಂಕೋಚದಿಂದ ಹದಿನೇಳೂವರೆ ಡಾಲರ್ ಸಿಗಬಹುದೇ ಅನ್ನುತ್ತಾಳೆ. ಜಾರ್ಜ್ ಕೌಂಟರಿನ ಮೇಲಿಂದ ಬಾಗಿ ಆಕೆಗೆ ಮುತ್ತು ಕೊಡುತ್ತಾನೆ. ಠೇವಣಿ ಸಂಘದ ಬಾಗಿಲ ಮುಂದೆ ಒಮ್ಮೆ ಸಾಲಿನಲ್ಲಿ ನಿಂತವರಿಗೆ ಆ ಹದಿನೇಳೂವರೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ದೃಶ್ಯ, ಬಾರಿನದು. ಸಂಘದ 8,000 ಡಾಲರ್ ಕಳೆದುಹೋಗಿದೆ, ಜಾರ್ಜ್‌ಗೆ ಜೈಲು ಗ್ಯಾರಂಟಿ. ದೇವರ ಮೇಲೆ ಅಂಥ ನಂಬಿಕೆ ಇಲ್ಲದವನು ಕೈ ಮುಗಿದು ಪಿಸುಗುಟ್ಟುತ್ತಾನೆ. ಅಲ್ಲಿ ಸ್ಟುವರ್ಟ್ ಎಣಿಸದೆಯೇ ನಿಜವಾಗಿ ಅತ್ತುಬಿಟ್ಟ. ಕ್ಯಾಮೆರಾ ದೂರದಲ್ಲಿತ್ತು. ಇನ್ನೊಮ್ಮೆ ಮಾಡಿಸಿದರೆ ಆ ಅಳು ಬರುವುದಿಲ್ಲ ಅಂತ ಕಾಪ್ರಾಗೆ ಗೊತ್ತಿತ್ತು. ಹಾಗಾಗಿ ಲ್ಯಾಬಿನಲ್ಲಿ ಒಂದೊಂದೇ ಫ್ರೇಮನ್ನು ಹಿಗ್ಗಿಸಿ ಕ್ಲೋಸಪ್ ಮಾಡಿಸಿದ. ಗಮನಿಸಿ ನೋಡಿದರೆ ಆ ಹೊತ್ತಿಗೆ ಚಿತ್ರ ಮರಳು ಮರಳಾಗುತ್ತದೆ. ಇದೂ ಇರಲಿ, ಆ 8,000 ಡಾಲರ್ ಸಿಕ್ಕಿದ್ದು ಪಾಟರ್‌ಗೆ. ಕೊನೆವರೆಗೂ ಅವನು ಅದನ್ನು ವಾಪಸು ಕೊಡುವುದಿಲ್ಲ, ಅವನಿಗೆ ಶಿಕ್ಷೆಯೂ ಆಗುವುದಿಲ್ಲ. ಕೆಟ್ಟವನಿಗೆ ಶಿಕ್ಷೆ ಆಗಲೇಬೇಕೆಂಬ ಸೆನ್ಸಾರ್ ನಿಯಮವಿದ್ದ ಕಾಲದಲ್ಲಿ ಹೀಗೊಂದು ಅಂತ್ಯ ಹೇಗೆ ಪಾರಾಯಿತೋ, ನನಗಂತೂ ಬೆರಗು.

ಪುಕ್ಕಟೆ ಕಾಲವೂ ಮುಗಿಯಿತು, ಅದರಲ್ಲೂ ಸ್ಟುವರ್ಟ್ ಹೆಸರಿದೆ. ಅವನೇ ನಟಿಸಿದ, ಹಕ್ಕಿನಲ್ಲೂ ಪಾಲಿದ್ದ ‘ರಿಯರ್ ವಿಂಡೋ’ ಬಗ್ಗೆ ‘ಸ್ಟುವರ್ಟ್ ವರ್ಸಸ್ ಅಬೆಂಡ್’ ಎಂಬ ಮೊಕದ್ದಮೆ ನಡೆದು, 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಕಡೆಯವರ ವಿರುದ್ಧ ತೀರ್ಪು ಕೊಟ್ಟಿತು: ಮೂಲ ಕಥೆಯ ನವೀಕೃತ ಹಕ್ಕು ಯಾರ ಬಳಿ ಇದೆಯೋ ಅವರ ಒಪ್ಪಿಗೆ ಇಲ್ಲದೆ ಅದರಿಂದಾದ ಸಿನಿಮಾ ತೋರಿಸುವಂತಿಲ್ಲ. ಎನ್‌ಟಿಎ ಅಷ್ಟರಲ್ಲಿ ರಿಪಬ್ಲಿಕ್ ಪಿಕ್ಚರ್ಸ್ ಎಂದು ಹೆಸರು ಬದಲಿಸಿಕೊಂಡಿತ್ತು. ಈ ತೀರ್ಪು ಹಿಡಿದು, ಹಿನ್ನೆಲೆ ಸಂಗೀತದ ಹಕ್ಕನ್ನೂ ಕೊಂಡು, 1993ರಲ್ಲಿ ಟೀವಿ ಕೇಂದ್ರಗಳಿಗೆ ‘ಇನ್ನು ಸಾಕು’ ಅಂದಿತು. ಮರುವರ್ಷ ಪ್ರಸಾರದ ಹಕ್ಕು ಎನ್‌ಬಿಸಿ ಒಂದಕ್ಕೇ ಸೇರಿತು.

ಸಿನಿಮಾದ ನವೀಕರಣ ತಪ್ಪಿಹೋಗಿತ್ತು, ನಿಜ. ಆದರೆ ಸ್ಟರ್ನ್ ಸ್ನೇಹಿತರಿಗೆ ಹಂಚಿದ್ದ ಆ ಪುಟ್ಟ ಕಥೆಯ ನವೀಕರಣ ಸಕಾಲಕ್ಕೆ ಆಗಿತ್ತು. ಸ್ಟರ್ನ್ 1984ರಲ್ಲೇ ತೀರಿಕೊಂಡಿದ್ದ.