ಹೈಡ್ರೋಜನ್ ಬೇಕಿರುವುದು ಬಸ್ಸಿಗಲ್ಲ, ಗೊಬ್ಬರಕ್ಕೆ

2020ರ ಹೊತ್ತಿಗೆ ದೇಶದಲ್ಲಿ ಹತ್ತು ಲಕ್ಷ ಹೈಡ್ರೋಜನ್ ವಾಹನ ಓಡಬೇಕು ಎಂದು ಕೇಂದ್ರ ಸರ್ಕಾರ 2006ರ ನೀಲನಕ್ಷೆಯಲ್ಲಿ ಬರೆದುಕೊಂಡಿತ್ತು. 2020 ಬಂತು, ಹೋಯಿತು. ಬಿಎಂಟಿಸಿ ಡಿಪೋಗಳಿಗೆ ಬಂದದ್ದು ಬ್ಯಾಟರಿ ಬಸ್ಸು. ಯಾಕೆ ಹೀಗಾಯಿತು ಎಂಬುದಕ್ಕೆ ಕರೆಂಟಿನ ಲೆಕ್ಕ ಸಾಕು.

ಹೈಡ್ರೋಜನ್ ಇಂಧನದ ಮೂಲವಲ್ಲ. ಬೇರೆ ಕಡೆ ಹುಟ್ಟಿದ ಶಕ್ತಿಯನ್ನು ಹೊತ್ತು ತರುವ ವಸ್ತು. ನೀರನ್ನು ಒಡೆದು ಒಂದು ಕಿಲೋ ತೆಗೆಯಲು ಎಲೆಕ್ಟ್ರೊಲೈಸರ್ ಎಂಬ ಯಂತ್ರ 50–55 ಯೂನಿಟ್ ಕರೆಂಟು ತಿನ್ನುತ್ತದೆ. ಬಸ್ಸಿನ ಸಿಲಿಂಡರಿಗೆ 350 ಬಾರ್ ಒತ್ತಡದಲ್ಲಿ ತುಂಬಲು ಇನ್ನೆರಡು ಮೂರು ಯೂನಿಟ್ ಬೇಕು. ಆ ಕಿಲೋದಲ್ಲಿ ಇರುವುದು 33 ಯೂನಿಟ್; ಹೈಡ್ರೋಜನನ್ನು ಮತ್ತೆ ಕರೆಂಟಾಗಿಸುವ ಫ್ಯುಯೆಲ್ ಸೆಲ್ ಅದರಲ್ಲಿ ಅರ್ಧದಷ್ಟನ್ನು ಮಾತ್ರ ಮೋಟಾರಿಗೆ ಕೊಡುತ್ತದೆ. ನೂರು ಕಿಲೋಮೀಟರಿಗೆ 12 ಮೀಟರಿನ ಬಸ್ಸಿಗೆ ಸುಮಾರು ಎಂಟು ಕಿಲೋ ಹೈಡ್ರೋಜನ್, ಅಂದರೆ 450 ಯೂನಿಟ್ ಆಸುಪಾಸು. ಬ್ಯಾಟರಿ ಬಸ್ಸು ಚಾರ್ಜಿಂಗ್ ನಷ್ಟ ಸೇರಿಸಿಯೂ 150ರೊಳಗೆ ಮುಗಿಸುತ್ತದೆ. ರಾತ್ರಿ ಡಿಪೋಗೇ ಮರಳುವ ನಗರದ ಬಸ್ಸಿಗೆ ಮೂರು ಪಟ್ಟು ಕರೆಂಟು ಸುಡುವುದು ದಂಡ.

ನೀರು ಒಡೆಯುವ ವಿದ್ಯೆ ನಮಗೆ ಹೊಸದಲ್ಲ. 1960ರ ದಶಕದ ಆರಂಭದಲ್ಲೇ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾದ ಜಲವಿದ್ಯುತ್ತಿನಿಂದ ಹೈಡ್ರೋಜನ್ ತೆಗೆದು ಗೊಬ್ಬರ ಮಾಡುತ್ತಿದ್ದರು. ‘ಹಸಿರು ಹೈಡ್ರೋಜನ್’ ಎಂಬ ಹೆಸರಷ್ಟೇ ಆಗ ಇರಲಿಲ್ಲ. ಕಾರ್ಖಾನೆ ಮುಂದೆ ಇಂಧನ ತೈಲಕ್ಕೆ, ಆಮೇಲೆ ನೈಸರ್ಗಿಕ ಅನಿಲಕ್ಕೆ ಹೊರಳಿತು. ಅನಿಲದಿಂದ ತೆಗೆದದ್ದು ಅಗ್ಗ, ಆದರೆ ಕಿಲೋ ಹೈಡ್ರೋಜನ್‌ಗೆ 9–10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಹಾಗಾದರೆ ಬೆಸ್ಕಾಂ ಲೈನಿಗೆ ಎಲೆಕ್ಟ್ರೊಲೈಸರ್ ಸಿಕ್ಕಿಸಿದರೆ? ದೇಶದ ಗ್ರಿಡ್ಡಿನ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಡೈಆಕ್ಸೈಡ್. 55 ಯೂನಿಟ್ಟಿಗೆ ಗುಣಿಸಿದರೆ 38 ಕಿಲೋ ದಾಟುತ್ತದೆ, ಅನಿಲದ ದಾರಿಗಿಂತ ನಾಲ್ಕು ಪಟ್ಟು ಕೊಳಕು. 2023ರಲ್ಲಿ ಕೇಂದ್ರ ನಿಗದಿ ಮಾಡಿದ ‘ಹಸಿರು’ ಎನ್ನಿಸಿಕೊಳ್ಳುವ ಮಿತಿ ಕಿಲೋ ಹೈಡ್ರೋಜನ್‌ಗೆ ಎರಡು ಕಿಲೋ ಡೈಆಕ್ಸೈಡ್ ಮಾತ್ರ. ಹಾಗಾಗಿ ಪಾವಗಡದಂಥ ಸೌರ ಪಾರ್ಕಿನ ಅಥವಾ ಗಾಳಿಯಂತ್ರದ ಕರೆಂಟೇ ಬೇಕು.

ತಾಪತ್ರಯ ಶುರುವಾಗುವುದೂ ಅಲ್ಲೇ. ಕ್ಷಾರೀಯ ಎಲೆಕ್ಟ್ರೊಲೈಸರಿನಲ್ಲಿ ಶೇ 25–30ರ ಕಾಸ್ಟಿಕ್ ಪೊಟ್ಯಾಶ್ ದ್ರಾವಣ 70–80 ಡಿಗ್ರಿಯಲ್ಲಿ ಸುತ್ತುತ್ತಿರುತ್ತದೆ. ಮೋಡ ಕವಿದು ಲೋಡು ಕಾಲುಭಾಗಕ್ಕೆ ಇಳಿಯಿತೆನ್ನಿ: ಆಮ್ಲಜನಕ ಹುಟ್ಟುವುದು ಕಡಿಮೆಯಾಗುತ್ತದೆ, ಎರಡು ಅನಿಲಗಳನ್ನು ಬೇರೆ ಇಡುವ ನಡುವಿನ ತೆರೆಯಿಂದ ನುಸುಳುವ ಹೈಡ್ರೋಜನ್ ಮಾತ್ರ ಅಷ್ಟೇ ಇರುತ್ತದೆ. ಆಮ್ಲಜನಕದಲ್ಲಿ ಹೈಡ್ರೋಜನ್ ಶೇ 4 ಮುಟ್ಟಿದರೆ ಸ್ಫೋಟಕ, ಆದ್ದರಿಂದ ಶೇ 2ರ ಹೊತ್ತಿಗೇ ಯಂತ್ರ ನಿಲ್ಲಿಸುತ್ತಾರೆ. ದ್ರಾವಣದ ಬದಲು ಪ್ರೋಟಾನುಗಳನ್ನು ಹಾಯಿಸುವ ತೆಳು ಪೊರೆ ಬಳಸುವ ಪಿಇಎಂ ಯಂತ್ರ ಇಂಥ ಏರಿಳಿತವನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದಕ್ಕೆ ಇರಿಡಿಯಂ ಬೇಕು, ಆ ಲೋಹ ಜಗತ್ತಿನಲ್ಲೇ ವಿರಳ.

ನೀರಿನ ಕೊರತೆ ಎಂದು ಹೆದರಿಸುವವರಿದ್ದಾರೆ. ದಿನಕ್ಕೆ ಒಂದು ಟನ್ ಹೈಡ್ರೋಜನ್‌ಗೆ ಶುದ್ಧ ನೀರು ಸುಮಾರು ಹತ್ತು ಸಾವಿರ ಲೀಟರ್; ಆರ್‌ಒ ತ್ಯಾಜ್ಯ ಲೆಕ್ಕ ಹಿಡಿದರೂ ಒಂದೆರಡು ಟ್ಯಾಂಕರ್. ಪ್ರಮಾಣಕ್ಕಿಂತ ಗುಣ ಮುಖ್ಯ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಕಬ್ಬಿಣ ಸೋಸದೆ ಉಳಿದರೆ ಪಿಇಎಂ ಪೊರೆಯಲ್ಲಿ ಪ್ರೋಟಾನುಗಳ ಜಾಗ ಹಿಡಿದು ಕೂರುತ್ತವೆ. ವೋಲ್ಟೇಜ್ ಏರುತ್ತದೆ, ಕಿಲೋಗೆ ತಗಲುವ ಯೂನಿಟ್ ಹೆಚ್ಚುತ್ತದೆ. ಆರ್‌ಒ ಆದಮೇಲೆ ಅಯಾನು ತೆಗೆಯುವ ರಾಳದ ಹಾಸನ್ನೂ ಹಾಯಿಸಲೇಬೇಕು.

ಮಲ್ಲೇಶ್ವರದ ಪಕ್ಕದ ಐಐಎಸ್‌ಸಿಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಎಲೆಕ್ಟ್ರೊಲೈಸರನ್ನೇ ಬಿಟ್ಟು ಬೇರೆ ದಾರಿ ಹಿಡಿದಿದೆ. ಕೃಷಿ ತ್ಯಾಜ್ಯವನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿದರೆ ಒಂದು ಕಿಲೋ ತ್ಯಾಜ್ಯಕ್ಕೆ ನೂರು ಗ್ರಾಂ ಹೈಡ್ರೋಜನ್ ಸಿಗುತ್ತದೆ. ತ್ಯಾಜ್ಯದಲ್ಲಿ ಇರುವುದು 60 ಗ್ರಾಂ ಅಷ್ಟೇ, ಉಳಿದದ್ದು ಹಬೆಯ ಪಾಲು. ಜೊತೆಗೆ ಬರುವ ಕಾರ್ಬನ್ ಮೊನಾಕ್ಸೈಡ್ ತೊಲಗಿಸುವುದು ಕಷ್ಟದ ಹಂತ: ವಾಹನದ ಫ್ಯುಯೆಲ್ ಸೆಲ್ಲಿಗೆ ಹತ್ತು ಲಕ್ಷದಲ್ಲಿ 0.2 ಪಾಲಿಗಿಂತ ಹೆಚ್ಚಿರುವಂತಿಲ್ಲ, ಇದ್ದರೆ ಸೆಲ್ಲಿನೊಳಗಿನ ಪ್ಲಾಟಿನಂ ಕೆಡುತ್ತದೆ.

ಇಸ್ರೊದ ಮಾತು ಬೇರೆ. ಕ್ರಯೋಜೆನಿಕ್ ಎಂಜಿನ್‌ಗೆ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ತುಂಬುವಾಗ ಯೂನಿಟ್ ದರ ಯಾರೂ ಕೇಳುವುದಿಲ್ಲ.

ನಮ್ಮ ರಾಜ್ಯದ ನಿಜವಾದ ಗಿರಾಕಿ ಇರುವುದು ಮಂಗಳೂರಿನಲ್ಲಿ. ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ಡೀಸೆಲ್‌ನ ಗಂಧಕ ತೆಗೆಯಲು, ಪಣಂಬೂರಿನ ಗೊಬ್ಬರ ಕಾರ್ಖಾನೆಗೆ ಅಮೋನಿಯಾ ಮಾಡಲು ಹೈಡ್ರೋಜನ್ ಈಗಲೇ ಬೇಕು. ಬ್ಯಾಟರಿ ಅಲ್ಲಿ ಉಪಯೋಗಕ್ಕೆ ಬಾರದು. ಒಂದು ಟನ್ ಅಮೋನಿಯಾಗೆ ಸುಮಾರು 177 ಕಿಲೋ ಹೈಡ್ರೋಜನ್, ಅದಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಯೂನಿಟ್. ಯೂರಿಯಾದಲ್ಲಿ ಮಾತ್ರ ಒಂದು ತೊಡಕಿದೆ. ಅದಕ್ಕೆ ಡೈಆಕ್ಸೈಡ್ ಕೂಡ ಬೇಕು, ಟನ್ನಿಗೆ ಮುಕ್ಕಾಲು ಟನ್ನಿನಷ್ಟು. ಇವತ್ತು ಅದು ನೈಸರ್ಗಿಕ ಅನಿಲದಿಂದಲೇ ಪುಕ್ಕಟೆ ಸಿಗುತ್ತಿದೆ. ಅನಿಲ ಬಿಟ್ಟರೆ ಬೇರೆ ಕಡೆಯಿಂದ ತರಬೇಕು. ಆದ್ದರಿಂದ ಹಸಿರು ಅಮೋನಿಯಾ ಮೊದಲು ಹೋಗಬೇಕಾದದ್ದು ಡೈಆಕ್ಸೈಡ್ ಬೇಡದ ಡಿಎಪಿ ಮತ್ತು ಕಾಂಪ್ಲೆಕ್ಸ್ ಗೊಬ್ಬರಕ್ಕೆ.