ಸಿಗರೇಟು ಬಿಟ್ಟರೆ ಸಿಟ್ಟು ಯಾಕೆ ಬರುತ್ತೆ? ಒಂದು ಸೇದಿದರೆ ಯಾಕೆ ಇಳಿಯುತ್ತೆ?

ಪ್ರಶ್ನೆ: ಸಿಗರೇಟು ಬಿಟ್ಟು ಆರು ದಿನ ಆಯಿತು. ಹದಿನಾಲ್ಕು ವರ್ಷದ ಚಟ. ದಿನಕ್ಕೆ ಹತ್ತು ಹನ್ನೆರಡು ಸೇದುತ್ತಿದ್ದೆ. ಈಗ ಸಣ್ಣಪುಟ್ಟದ್ದಕ್ಕೂ ರೇಗುತ್ತೇನೆ, ರಾತ್ರಿ ನಿದ್ದೆ ಸರಿ ಇಲ್ಲ. ನಿನ್ನೆ ಮಗ ಹೋಮ್‌ವರ್ಕ್ ಹೇಳಿಕೊಡಿ ಅಂತ ಬಂದರೆ ಗದರಿಬಿಟ್ಟೆ. ಕೊನೆಗೆ ಹೆಂಡತಿಯೇ ‘ಹೋಗಿ ಒಂದು ಸೇದಿ ಬನ್ನಿ ಮಾರಾಯ್ರೆ, ಈ ಮುಖ ನೋಡೋಕಾಗಲ್ಲ’ ಅಂದಳು. ಟೆನ್ಶನ್ ಜಾಸ್ತಿ ಆದಾಗ ಒಂದೇ ಒಂದು ಸೇದಿದರೆ ತಪ್ಪೇನು?

ಉತ್ತರ: ಈ ಪ್ರಶ್ನೆ ನನಗೆ ವಾರಕ್ಕೆ ಎರಡು ಮೂರು ಸಲ ಬರುತ್ತದೆ. ಕೆಲವರು ಬರೆದು ಕೇಳುತ್ತಾರೆ, ಕೆಲವರು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಕೇಳುತ್ತಾರೆ. ಊರು ಬೇರೆ, ಕೆಲಸ ಬೇರೆ, ಕೊನೆಯ ಮಾತು ಮಾತ್ರ ಒಂದೇ: ಟೆನ್ಶನ್ನಿಗೆ ಒಂದೇ ಒಂದು. ತಂಬಾಕು ಬಿಡಲು ಬಂದವರ ಜೊತೆ ಮಾತಾಡುವ ಕೆಲಸ ಹಿಡಿದು ಹನ್ನೊಂದು ವರ್ಷವಾಯಿತು. ಇದೇ ಉತ್ತರ ಹೇಳಿ ಹೇಳಿ ಸುಸ್ತಾಗಿದೆ ನಿಜ. ಆದರೆ ಆರನೇ ದಿನಕ್ಕೆ ಬಂದು ಜಾರಿದವರನ್ನು ತುಂಬ ನೋಡಿದ್ದೇನೆ. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ.

ಮೊದಲು ನಿಮ್ಮ ಆರು ದಿನದ ಬಗ್ಗೆ. ನಿಮ್ಮ ಸ್ವಭಾವ ಕೆಟ್ಟಿಲ್ಲ. ತಂಬಾಕಿನಲ್ಲಿದ್ದು ಚಟ ಹಿಡಿಸುವ ನಿಕೋಟಿನ್ ನಿಂತಾಗ ದೇಹ ತೋರಿಸುವ ಲಕ್ಷಣ ಇದು. ಸಿಡುಕು, ಚಡಪಡಿಕೆ, ಬೇಸರ, ನಿದ್ದೆಗೇಡು, ಒಂದು ಕಡೆ ಮನಸ್ಸು ನಿಲ್ಲದಿರುವುದು, ವಿಪರೀತ ಹಸಿವು. ಕೆಲವರಿಗೆ ಮಲಬದ್ಧತೆ, ಬಾಯಿಹುಣ್ಣು. ಕೊನೆಯ ಸಿಗರೇಟು ಸೇದಿದ ಒಂದು ದಿನದೊಳಗೇ ಶುರುವಾಗುತ್ತದೆ. ಮೊದಲ ವಾರ ಜೋರು, ಅದರಲ್ಲೂ ಎರಡನೇ, ಮೂರನೇ ದಿನ. ಎರಡರಿಂದ ನಾಲ್ಕು ವಾರದಲ್ಲಿ ಬಹಳಷ್ಟು ಜನರಿಗೆ ಇಳಿಯುತ್ತದೆ. ಹಸಿವು ಮಾತ್ರ ಇನ್ನಷ್ಟು ದಿನ ಉಳಿಯುತ್ತದೆ. ಅಂದರೆ ಘಾಟಿಯ ಕಡಿದಾದ ತಿರುವುಗಳನ್ನು ನೀವು ಆಗಲೇ ಹತ್ತಿದ್ದೀರಿ.

ಈಗ ಆ ‘ಟೆನ್ಶನ್’ ವಿಷಯ. ಸಿಗರೇಟು ಸೇದಿದರೆ ಟೆನ್ಶನ್ ಇಳಿಯುತ್ತದೆ ಅನ್ನುವ ನಂಬಿಕೆಯಷ್ಟು ಗಟ್ಟಿಯಾದದ್ದನ್ನು ನಾನು ಈ ಕೆಲಸದಲ್ಲಿ ಬೇರೆ ಕಂಡಿಲ್ಲ. ಕ್ಯಾನ್ಸರ್ ಬರುತ್ತದೆ ಅಂದರೆ ಎಲ್ಲರೂ ಒಪ್ಪುತ್ತಾರೆ. ಹೃದಯಕ್ಕೆ ಕೆಟ್ಟದ್ದು ಅಂದರೂ ಒಪ್ಪುತ್ತಾರೆ. ‘ಆದರೆ ತಲೆ ಹಗುರ ಆಗೋದಂತೂ ನಿಜ ಅಲ್ವಾ?’ ಅನ್ನುತ್ತಾರೆ. ಓದಿದವರು, ಓದದವರು, ಬೀಡಿ ಸೇದುವವರು, ದುಬಾರಿ ಪ್ಯಾಕು ಇಟ್ಟುಕೊಳ್ಳುವವರು, ಎಲ್ಲರದ್ದೂ ಇದೇ ಮಾತು.

ಹಗುರ ಅನ್ನಿಸುವುದು ನಿಜವೇ. ನಾನು ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಇಳಿದದ್ದು ಯಾವ ಟೆನ್ಶನ್ ಅಂತ ಯಾರೂ ಕೇಳಿಕೊಳ್ಳುವುದಿಲ್ಲ.

ಒಂದು ದಮ್ಮು ಎಳೆದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟುತ್ತದೆ. ಅಲ್ಲಿ ಅದು ಕೂರುವ ಜಾಗಗಳಿವೆ. ಅದು ಕೂತಾಗ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ ಹಾಯ್ ಅನ್ನಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿದ್ದ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಸೇದಿದವರ ಮೆದುಳಿನಲ್ಲಿ ಈ ಜಾಗಗಳು ಬೇರೆಯವರಿಗಿಂತ ಜಾಸ್ತಿ ಆಗಿರುತ್ತವೆ. ಅವು ಖಾಲಿಯಾಗುತ್ತಾ ಬಂದ ಹಾಗೆ ಚಡಪಡಿಕೆ ಶುರು. ಯಾರಾದರೂ ಮಾತಾಡಿಸಿದರೆ ಕಿರಿಕಿರಿ. ಆಗ ಇನ್ನೊಂದು ಹಚ್ಚುತ್ತೀರಿ, ಜಾಗ ತುಂಬುತ್ತದೆ, ಕಿರಿಕಿರಿ ಹೋಗುತ್ತದೆ. ‘ನೋಡಿ, ಟೆನ್ಶನ್ ಇಳೀತು’ ಅನ್ನುತ್ತೀರಿ. ಇಳಿದದ್ದು ಹಿಂದಿನ ಸಿಗರೇಟು ಬಿಟ್ಟುಹೋಗಿದ್ದ ಕಿರಿಕಿರಿ. ಬ್ಯಾಂಕಿನ ಕಂತು, ಮೇಲಧಿಕಾರಿಯ ಫೋನು, ಅಪ್ಪನ ಕಾಯಿಲೆ, ಅವೆಲ್ಲ ಇದ್ದಲ್ಲೇ ಇವೆ.

ಕಜ್ಜಿ ಆದವನಿಗೆ ಕೆರೆದುಕೊಂಡಾಗ ಆಗುವ ಹಿತ ಬೇರೆಯವರಿಗೆ ಗೊತ್ತಾಗುವುದಿಲ್ಲ. ಹಾಗಂತ ಕೆರೆತವನ್ನು ಯಾರಾದರೂ ಔಷಧಿ ಅನ್ನುತ್ತಾರಾ?

ಒಬ್ಬ ಟೆಂಪೋ ಚಾಲಕರ ವಿಷಯ ಹೇಳುತ್ತೇನೆ. ಇದೇ ಮಾತಿಗೆ ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದ್ದರು. ‘ಮೇಡಂ, ನೀವು ಗಾಡಿ ಓಡಿಸಿ ನೋಡಿ, ಆಮೇಲೆ ಹೇಳಿ’ ಅಂದರು. ಬಿಡುವುದು ಆಮೇಲೆ, ಒಂದು ವಾರ ಇದನ್ನು ಮಾಡಿ ಅಂತ ಹೇಳಿ ಕಳಿಸಿದೆ. ಪ್ರತಿ ಸಿಗರೇಟು ಹಚ್ಚುವ ಮೊದಲು ಗಂಟೆ ಬರೆಯಿರಿ. ಪಕ್ಕದಲ್ಲಿ ಟೆನ್ಶನ್ನಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಮರುವಾರ ಅಂಗಿ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದರು. ಗೊಬ್ಬರದ ಅಂಗಡಿಯಲ್ಲಿ ಪುಕ್ಕಟೆ ಕೊಟ್ಟದ್ದು. ಅಂಚಿನಲ್ಲೆಲ್ಲ ಗ್ರೀಸಿನ ಬೆರಳಚ್ಚು. ಬೆಳಿಗ್ಗೆ ಆರೂ ಹತ್ತು, ಎಂಟು ಅಂಕ. ಏಳೂವರೆ, ಆರು. ಒಂಬತ್ತು ಗಂಟೆ, ಏಳು. ಹೀಗೇ ಒಂದೂವರೆ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಸಾಲು ಇಳಿದು ಬಂದಿತ್ತು. ಪುಟ ತಿರುಗಿಸುತ್ತಾ ಭಾನುವಾರಕ್ಕೆ ಬಂದೆವು. ಅವತ್ತು ಗಾಡಿ ತೆಗೆದಿರಲಿಲ್ಲ. ಮನೆಯಲ್ಲಿ ಕೋಳಿ ಸಾರು, ಮಧ್ಯಾಹ್ನ ಮಲಗಿದ್ದರು. ಅಲ್ಲೂ ಅದೇ ಗಂಟೆ, ಅದೇ ಅಂಕ. ಆರೂ ಕಾಲಿಗೆ ಎಂಟು. ಅವರೇ ಆ ಸಾಲಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಸುಮ್ಮನಿದ್ದರು. ‘ಭಾನುವಾರ ನಂಗೆ ಯಾವ ಟೆನ್ಶನ್ ಇತ್ತು?’ ಅಂದರು.

ಆ ಮಾತು ಅವರ ಬಾಯಿಂದಲೇ ಬಂತಲ್ಲ, ನನಗೆ ತುಂಬ ಖುಷಿಯಾಯಿತು. ನಾನು ಹೇಳಿದ್ದರೆ ಪಾಠ ಆಗುತ್ತಿತ್ತು. ಪುಸ್ತಕ ಅವರದ್ದು, ಅಕ್ಷರ ಅವರದ್ದು.

ಬೆಳಗಿನ ಆ ಎಂಟು ಅಂಕವನ್ನು ಇನ್ನೊಮ್ಮೆ ನೋಡಿ. ಎಲ್ಲ ಸೇದುವವರೂ ದಿನದ ಮೊದಲ ಸಿಗರೇಟೇ ಮಜಾ ಅನ್ನುತ್ತಾರೆ. ಟೆನ್ಶನ್ ಕೆಲಸದಿಂದ ಬರುವುದಾದರೆ, ಕೆಲಸವೇ ಶುರುವಾಗದ ಹೊತ್ತಿನಲ್ಲಿ ಅದು ಯಾಕೆ ಅಷ್ಟು ಜೋರಾಗಿರುತ್ತದೆ? ಯಾಕಂದರೆ ರಾತ್ರಿಯೆಲ್ಲ ನಿಕೋಟಿನ್ ಇಳಿದು ಇಳಿದು ಬೆಳಿಗ್ಗೆ ಜಾಗ ಖಾಲಿ ಬಿದ್ದಿರುತ್ತದೆ.

ಇನ್ನೂ ಅನುಮಾನವಿದ್ದರೆ ಜೀವನದ ಮೊದಲ ಸಿಗರೇಟು ನೆನಪಿಸಿಕೊಳ್ಳಿ. ಕಾಲೇಜಿನ ಹಿಂದೆಯೋ, ಗೂಡಂಗಡಿ ಪಕ್ಕದಲ್ಲೋ ಸೇದಿದ್ದು. ಕೆಮ್ಮು ಬಂತು, ತಲೆ ಸುತ್ತಿತು, ಕೆಲವರಿಗೆ ವಾಂತಿಯೂ ಆಯಿತು. ಅವತ್ತು ನಿಮಗೆ ಪರೀಕ್ಷೆಯ ಟೆನ್ಶನ್ ಇದ್ದಿರಬಹುದು. ಇಳಿಯಿತಾ? ನಿಕೋಟಿನ್ ಎದೆಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸುವ ವಸ್ತು. ಈಗಲೂ ಸೇದುತ್ತಿರುವವರು ಹಚ್ಚುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಮಣಿಕಟ್ಟಿನ ನಾಡಿ ಎಣಿಸಿ ನೋಡಬಹುದು.

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವರದಿ ಬಂತು. ಸಿಗರೇಟು ಬಿಟ್ಟವರನ್ನೂ ಬಿಡದವರನ್ನೂ ಕನಿಷ್ಠ ಆರು ವಾರ ಕಳೆದ ಮೇಲೆ ಹೋಲಿಸಿದ್ದರು. ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ. ಬಿಡದೆ ಸೇದುತ್ತಲೇ ಇದ್ದವರಲ್ಲಿ ಅಷ್ಟು ಇಳಿದಿರಲಿಲ್ಲ. ಇಷ್ಟಾದರೂ ‘ಒಮ್ಮೆಲೇ ಬಿಡಬೇಡಿ, ಟೆನ್ಶನ್ ಆಗುತ್ತೆ, ಒಂದೆರಡು ಇರಲಿ’ ಅಂತ ಸಲಹೆ ಕೊಡುವ ಹಿತೈಷಿಗಳು ಪ್ರತಿ ಬೀದಿಯಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಬಿಡಲು ಒದ್ದಾಡುತ್ತಿರುವವರಿಗೆ ಆ ಒಂದು ಮಾತು ಸಾಕಾಗುತ್ತದೆ.

ಒಂದು ಮಾತ್ರ ಒಪ್ಪುತ್ತೇನೆ. ಸಿಗರೇಟಿನ ಜೊತೆ ಬರುವ ಕೆಲವು ಸಂಗತಿಗಳಿಂದ ನಿಜವಾಗಿಯೂ ನಿರಾಳವಾಗುತ್ತದೆ. ಕುರ್ಚಿ ಬಿಟ್ಟು ಎದ್ದಿರಿ. ಬೇಕರಿ ತನಕ ನಡೆದಿರಿ. ಗೆಳೆಯನ ಜೊತೆ ಐದು ನಿಮಿಷ ಮಾತಾಡಿದಿರಿ. ಎಂಟು ಹತ್ತು ಸಲ ಉಸಿರನ್ನು ಆಳವಾಗಿ ಎಳೆದು ನಿಧಾನವಾಗಿ ಬಿಟ್ಟಿರಿ. ಇಷ್ಟನ್ನೂ ಉಳಿಸಿಕೊಳ್ಳಿ. ಹನ್ನೊಂದು ಗಂಟೆಗೆ ಎದ್ದು ಹೋಗುವ ಅಭ್ಯಾಸ ಇತ್ತಾ? ಹನ್ನೊಂದಕ್ಕೇ ಎದ್ದು ಹೋಗಿ. ಬೇಕರಿ ಕಡೆ ಬೇಡ, ಇನ್ನೊಂದು ದಿಕ್ಕಿಗೆ ನಡೆಯಿರಿ.

ಹಾಗಾದರೆ ‘ಒಂದೇ ಒಂದು’ ಏನು ಮಾಡುತ್ತದೆ? ಆರು ದಿನದಿಂದ ಖಾಲಿ ಇರುವುದನ್ನು ಕಲಿಯುತ್ತಿದ್ದ ಜಾಗಗಳಿಗೆ ಮತ್ತೆ ರುಚಿ ತೋರಿಸುತ್ತದೆ. ಒಂದು ಎರಡಾಗಲು ಹೆಚ್ಚು ದಿನ ಬೇಕಿಲ್ಲ. ನಮ್ಮಲ್ಲಿ ಬಿಡಿ ಸಿಗರೇಟು ಸಿಗುವುದು ಇನ್ನೊಂದು ತೊಂದರೆ. ಕರ್ನಾಟಕದಲ್ಲಿ 2017ರಲ್ಲೇ ಬಿಡಿ ಮಾರಾಟ ನಿಷೇಧವಾಯಿತು. ಆದರೂ ಯಾವ ಪೆಟ್ಟಿಗೆ ಅಂಗಡಿಗೆ ಹೋದರೂ ಒಂದು ಕೊಡುತ್ತಾರೆ, ಕಡ್ಡಿಪೆಟ್ಟಿಗೆಯೂ ಅಲ್ಲೇ ಇರುತ್ತದೆ. ಇಡೀ ಪ್ಯಾಕು ಕೊಳ್ಳಬೇಕಿದ್ದರೆ ಎರಡು ಸಲ ಯೋಚಿಸುತ್ತಿದ್ದಿರಿ. ಇದನ್ನು ಓದುವ ಹೊತ್ತಿಗೆ ಒಂದು ಸೇದಿಯಾಗಿದ್ದರೆ, ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ. ಮುಂದಿನದ್ದು ಹಚ್ಚಬೇಡಿ, ಅಷ್ಟೇ.

ತಲಬು ಹತ್ತಿದಾಗ ಗಡಿಯಾರ ನೋಡಿ. ಒಂದು ಸಲದ ತಲಬು ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ, ಹೆಚ್ಚೆಂದರೆ ಹತ್ತು. ನೀವು ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ಆ ಹತ್ತು ನಿಮಿಷ ಕೈಗೂ ಬಾಯಿಗೂ ಕೆಲಸ ಕೊಡಿ. ಒಂದು ಲೋಟ ನೀರು ಗುಟುಕು ಗುಟುಕಾಗಿ ಕುಡಿಯಿರಿ. ಏಲಕ್ಕಿ, ಲವಂಗ, ಹುರಿಗಡಲೆ ಯಾವುದಾದರೂ ಜೇಬಿನಲ್ಲಿರಲಿ. ಅಡಿಕೆ ಬೇಡ. ನಮ್ಮ ಮಲೆನಾಡಿನವರಿಗೆ ಈ ಮಾತು ಹಿಡಿಸುವುದಿಲ್ಲ, ಆದರೆ ತಂಬಾಕಿಲ್ಲದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ. ಊಟ ಆದ ಕೂಡಲೇ ಕೈ ತೊಳೆದು ಹಲ್ಲುಜ್ಜಿಬಿಡಿ. ಊಟ ತಪ್ಪಿಸಬೇಡಿ, ಹಸಿವನ್ನು ತಲಬು ಅಂದುಕೊಂಡು ಒದ್ದಾಡುವವರು ಬಹಳ.

ಮಗನ ಹೋಮ್‌ವರ್ಕ್ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ನೇರವಾಗಿ ಹೇಳಿ: ಇನ್ನು ಮೂರು ವಾರ ನಾನು ಸ್ವಲ್ಪ ಸಿಡುಕುತ್ತೇನೆ, ನಿಮ್ಮ ತಪ್ಪಿಲ್ಲ. ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿ. ‘ತಲಬು ಹತ್ತಿದೆ, ಹತ್ತು ನಿಮಿಷ ಕೊಡಿ’ ಅಂತ ಬಾಯಿ ಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಎಂಟು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ. ನಿಮ್ಮ ಮನೆಯವರು ಸೇದಿ ಬನ್ನಿ ಅಂದದ್ದು ಸಾಕಾಗಿ ಅಂದದ್ದು. ಅವರೂ ಆರು ದಿನ ನಿಮ್ಮ ಜೊತೆ ಇದನ್ನು ಹೊತ್ತಿದ್ದಾರೆ. ಇದಕ್ಕೊಂದು ಕೊನೆ ಇದೆ, ಅದು ಇಂಥ ವಾರದ ಹೊತ್ತಿಗೆ ಅಂತ ಅವರಿಗೂ ಗೊತ್ತಾಗಲಿ.

ಬರೀ ಮನಸ್ಸು ಗಟ್ಟಿ ಮಾಡಿಯೇ ಬಿಡಬೇಕು ಅಂತಿಲ್ಲ. 2 ಮಿಲಿಗ್ರಾಂ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ‘ಅದೂ ನಿಕೋಟಿನ್ನೇ ಅಲ್ವಾ?’ ಅನ್ನುತ್ತಾರೆ. ಹೌದು. ಆದರೆ ಕ್ಯಾನ್ಸರ್ ತರುವುದು ಹೊಗೆಯಲ್ಲಿರುವ ಟಾರು ಮತ್ತು ಇತರ ವಿಷಗಳು. ಗಮ್ಮಿನಲ್ಲಿ ನಿಕೋಟಿನ್ ನಿಧಾನವಾಗಿ ಏರುತ್ತದೆ, ವಾರ ಕಳೆದಂತೆ ಇಳಿಸುತ್ತಾ ಹೋಗಬಹುದು. ಕೆಲಸ ಮಾಡಲಿಲ್ಲ ಅಂತ ದೂರುವವರಲ್ಲಿ ಮುಕ್ಕಾಲು ಜನ ಅದನ್ನು ಬಬಲ್ ಗಮ್ಮಿನ ಹಾಗೆ ಒಂದೇ ಸಮ ಅಗಿದಿರುತ್ತಾರೆ. ನಿಧಾನವಾಗಿ ಅಗಿಯಿರಿ. ಬಾಯಲ್ಲಿ ಖಾರ, ಜುಮ್ಮು ಅನ್ನಿಸಿದ ತಕ್ಷಣ ನಿಲ್ಲಿಸಿ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ. ಜುಮ್ಮು ಹೋದ ಮೇಲೆ ಮತ್ತೆ ಅಗಿಯಿರಿ. ಕಾಫಿ, ಜ್ಯೂಸು ಕುಡಿದು ಕಾಲು ಗಂಟೆ ಬಿಟ್ಟು ಹಾಕಿಕೊಳ್ಳಿ, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 4 ಮಿಲಿಗ್ರಾಂ ಬೇಕಾಗಬಹುದು, ಡಾಕ್ಟರನ್ನು ಕೇಳಿ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಗಮ್ಮಿಗೂ ಮೊದಲು ಡಾಕ್ಟರನ್ನೇ ಕೇಳಬೇಕು.

ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ಸಿಗರೇಟು ಪ್ಯಾಕಿನ ಮೇಲೇ ಇರುವ 1800-11-2356ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ವಾರ ದಾಟಿದರೂ ಮಂಕು ಕವಿದಂತೆಯೇ ಇದ್ದರೆ ಡಾಕ್ಟರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ನೀವು ಕೇಳದ ಒಂದು ವಿಷಯವನ್ನು ನಾನಾಗಿಯೇ ಹೇಳಬೇಕು, ಯಾಕಂದರೆ ನಿಮ್ಮ ನಿದ್ದೆಗೇಡಿನಲ್ಲಿ ಅದರ ಪಾಲು ಇರಬಹುದು. ನೀವು ಎಷ್ಟು ಕಾಫಿ ಕುಡಿಯುತ್ತೀರಿ?

ಸಿಗರೇಟಿನ ಹೊಗೆಯಲ್ಲಿರುವ ಕೆಲವು ಅಂಶಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಕಾಫಿಯ ಕೆಫೀನನ್ನು ಒಡೆದು ಹೊರಹಾಕುವುದು ಅದೇ ಕಿಣ್ವ. ಹಾಗಾಗಿ ಸೇದುವವರ ದೇಹದಿಂದ ಕೆಫೀನ್ ಬೇಗ ಖಾಲಿಯಾಗುತ್ತದೆ. ದಿನಕ್ಕೆ ಐದು ಲೋಟ ಕುಡಿದೂ ಹಾಯಾಗಿ ಮಲಗುತ್ತಾರೆ. ಸಿಗರೇಟು ಬಿಟ್ಟ ಕೆಲವೇ ದಿನದಲ್ಲಿ ಕಿಣ್ವ ತನ್ನ ಹಳೆಯ ನಿಧಾನಕ್ಕೆ ಮರಳುತ್ತದೆ. ಕಾಫಿ ಅಷ್ಟೇ, ಆದರೆ ಒಳಗೆ ಉಳಿಯುವ ಕೆಫೀನ್ ಸುಮಾರು ಎರಡು ಪಟ್ಟು. ಎದೆ ಡವಡವ, ಕೈ ನಡುಕ, ಸಿಡಿಮಿಡಿ, ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚದು. ಇದೆಲ್ಲ ಸಿಗರೇಟು ಬಿಟ್ಟದ್ದರಿಂದ ಅಂದುಕೊಳ್ಳುತ್ತಾರೆ. ಚಡಪಡಿಕೆ ಕಳೆಯಲು ಇನ್ನೊಂದು ಸ್ಟ್ರಾಂಗ್ ಕಾಫಿ ಕುಡಿಯುತ್ತಾರೆ. ಇದನ್ನು ಮಾಡಬೇಡಿ. ಇವತ್ತಿನಿಂದಲೇ ಕಾಫಿ, ಚಾ ಅರ್ಧಕ್ಕೆ ಇಳಿಸಿ. ಮಧ್ಯಾಹ್ನದ ಮೇಲೆ ಮಜ್ಜಿಗೆ ಕುಡಿಯಿರಿ.

ಇದೇ ಕಿಣ್ವ ಕೆಲವು ಔಷಧಿಗಳನ್ನೂ ಒಡೆಯುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಆ ಸಾಲಿಗೆ ಸೇರಿದವು. ನಿಮ್ಮ ಮನೆಯಲ್ಲಿ ಯಾರಾದರೂ ಇವನ್ನು ತೆಗೆದುಕೊಳ್ಳುತ್ತಾ ಸಿಗರೇಟೋ ಬೀಡಿಯೋ ಬಿಟ್ಟಿದ್ದರೆ, ಹಳೆಯ ಡೋಸು ಈಗ ಹೆಚ್ಚಾಗಬಹುದು. ಮಾತ್ರೆಯನ್ನು ತಾವಾಗಿಯೇ ಕಡಿಮೆ ಮಾಡುವುದು ಬೇಡ, ಹಾಗಂತ ಮುಂದಿನ ತಿಂಗಳ ತಪಾಸಣೆ ತನಕ ಕಾಯುವುದೂ ಬೇಡ. ಬಿಟ್ಟ ತಾರೀಖನ್ನು ಚೀಟಿಯ ಮೂಲೆಯಲ್ಲಿ ಬರೆದುಕೊಂಡು ಈ ವಾರವೇ ಡಾಕ್ಟರಿಗೆ ತೋರಿಸಿ.