ಓರಲ್ ಸರ್ಜರಿ ರೆಸಿಡೆನ್ಸಿ: ಇನ್ನು ನಾಲ್ಕು ಅಂಕಕ್ಕಾಗಿ ಒಂದು ವರ್ಷ ಕಳೆಯಬೇಡಿ

"ಸರ್, ಸಿಬಿಎಸ್‌ಇಯಲ್ಲಿ 71 ಬಂದಿದೆ. ಈ ವರ್ಷ ಅರ್ಜಿ ಹಾಕೋದು ಬಿಟ್ಟು, ಇನ್ನೊಂದು ಸಲ ಬರೆದು 75 ಮಾಡ್ಕೊಳ್ಲಾ?"

ಮೇ ತಿಂಗಳು ಹತ್ತಿರ ಬಂತೆಂದರೆ, ಓರಲ್ ಸರ್ಜರಿ ರೆಸಿಡೆನ್ಸಿಗೆ (ಡೆಂಟಲ್ ಡಿಗ್ರಿ ಆದಮೇಲೆ ಆಸ್ಪತ್ರೆಯಲ್ಲಿ ಮಾಡುವ ಬಾಯಿ, ದವಡೆಯ ಶಸ್ತ್ರಚಿಕಿತ್ಸೆಯ ತರಬೇತಿ) ಅರ್ಜಿ ಹಾಕುವವರಿಂದ ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಇದೇ ಇರುತ್ತದೆ. ಊರಲ್ಲಿ ಬಿಡಿಎಸ್ ಮುಗಿಸಿ ಇಲ್ಲಿ ಅಮೆರಿಕದಲ್ಲಿ ಮತ್ತೆ ಡೆಂಟಲ್ ಸ್ಕೂಲ್ ಮಾಡಿದವರು "ಸರ್" ಅಂತಾರೆ. ಇಲ್ಲೇ ಹುಟ್ಟಿ ಬೆಳೆದ ಗೆಳೆಯರ ಮಕ್ಕಳು "ಅಂಕಲ್" ಅಂತಾರೆ. ಪ್ರಶ್ನೆ ಮಾತ್ರ ಒಂದೇ. ನಾನು ಸಮಾಧಾನವಾಗಿ ವಿವರಿಸುತ್ತೇನೆ. ಅವರೂ ಪಾಪ, ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಕೊನೆಗೆ "ಆದ್ರೂ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸರ್?" ಅಂತಾರೆ. ಅದಕ್ಕೇ ಇವತ್ತು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಶಾಲೆಯ ಬೋರ್ಡಿನ ಸಿಬಿಎಸ್‌ಇ ಅಲ್ಲ. ಎನ್‌ಬಿಎಂಇ ಎಂಬ ಅಮೆರಿಕದ ವೈದ್ಯಕೀಯ ಪರೀಕ್ಷಾ ಸಂಸ್ಥೆ ನಡೆಸುವ ಕಾಂಪ್ರಹೆನ್ಸಿವ್ ಬೇಸಿಕ್ ಸೈನ್ಸ್ ಪರೀಕ್ಷೆ. 200 ಪ್ರಶ್ನೆ, ಐದು ಗಂಟೆ. ಸ್ಟೆಪ್ 1 (ಇಲ್ಲಿ ಮೆಡಿಕಲ್ ಲೈಸೆನ್ಸಿಗೆ ಬರೆಯುವ ಮೊದಲ ಪರೀಕ್ಷೆ) ಬರೆಯಲು ತಾವು ತಯಾರಾಗಿದ್ದೇವಾ ಅಂತ ಮೆಡಿಕಲ್ ವಿದ್ಯಾರ್ಥಿಗಳು ನೋಡಿಕೊಳ್ಳಲಿ ಅಂತ ಮಾಡಿದ ಪರೀಕ್ಷೆ ಇದು. ಇಲ್ಲಿಯ ಡೆಂಟಲ್ ಬೋರ್ಡ್ ಪರೀಕ್ಷೆಯಲ್ಲಿ ಮೊದಲು ಅಂಕ ಕೊಡುತ್ತಿದ್ದರು. 2012ರಲ್ಲಿ ಅದು ಬರೀ ಪಾಸ್–ಫೇಲ್ ಆಯಿತು. ಎರಡೋ ಮೂರೋ ಸೀಟಿಗೆ ನೂರಾರು ಅರ್ಜಿ ನೋಡುವ ಓರಲ್ ಸರ್ಜರಿ ಪ್ರೋಗ್ರಾಮುಗಳಿಗೆ ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡುವ ಸಂಖ್ಯೆಯೊಂದು ಬೇಕಿತ್ತು. ಆಗ ಇದು ಬಂತು.

ಹಲ್ಲಿನ ಡಾಕ್ಟರಿಗೆ ಮೆಡಿಕಲ್ ಪರೀಕ್ಷೆ ಯಾಕೆ? ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಓರಲ್ ಸರ್ಜರಿ ತರಬೇತಿಗೆ ಇಲ್ಲಿ ಎರಡು ದಾರಿ ಇವೆ. ಒಂದು ನಾಲ್ಕು ವರ್ಷದ್ದು, ಇನ್ನೊಂದು ಎಂಡಿ (ಇಲ್ಲಿ ಅದು ಊರಿನ ಎಂಬಿಬಿಎಸ್ ಇದ್ದ ಹಾಗೆ) ಸೇರಿದ ಆರು ವರ್ಷದ್ದು. ಆರು ವರ್ಷದವರು ಮಧ್ಯದಲ್ಲಿ ಮೆಡಿಕಲ್ ಸ್ಕೂಲಿಗೆ ಸೇರುತ್ತಾರೆ, ಸ್ಟೆಪ್ 1 ಬರೆಯುತ್ತಾರೆ. ಅಲ್ಲಿ ಫೇಲಾದರೆ ಕಷ್ಟ ಆ ಹುಡುಗನಿಗೆ ಮಾತ್ರ ಅಲ್ಲ. ಮೆಡಿಕಲ್ ಸ್ಕೂಲಿನ ವೇಳಾಪಟ್ಟಿ ತಪ್ಪುತ್ತದೆ, ಜನರಲ್ ಸರ್ಜರಿಯ ತಿಂಗಳುಗಳು ಹಿಂದೆ ಸರಿಯುತ್ತವೆ, ಅವನ ರಾತ್ರಿ ಡ್ಯೂಟಿ‌ಗಳನ್ನು ಉಳಿದವರು ಹಂಚಿಕೊಳ್ಳಬೇಕಾಗುತ್ತದೆ. ನಾಲ್ಕು ವರ್ಷದವರಿಗೂ ಸುಲಭವಿಲ್ಲ. ಅರಿವಳಿಕೆ ವಿಭಾಗದಲ್ಲಿ ತಿಂಗಳುಗಟ್ಟಲೆ ನಿಂತು, ಅಲ್ಲಿಯ ರೆಸಿಡೆಂಟುಗಳ ಸಮಕ್ಕೆ ಕೆಲಸ ಮಾಡಬೇಕು. ಹೃದಯ, ಶ್ವಾಸಕೋಶ, ಔಷಧಿ ಯಾವುದೂ ಗೊತ್ತಿಲ್ಲದೆ ಅಲ್ಲಿ ನಡೆಯುವುದಿಲ್ಲ.

ಹಾಗಾಗಿ ನಿಮ್ಮ ಸ್ಕೋರ್ ನೋಡುವಾಗ ಅರ್ಜಿ ಆರಿಸುವ ನಮ್ಮ ತಲೆಯಲ್ಲಿ ಇರುವ ಪ್ರಶ್ನೆ ಒಂದೇ. ಈ ವ್ಯಕ್ತಿ ಸ್ಟೆಪ್ 1 ತೊಂದರೆಯಿಲ್ಲದೆ ಪಾಸಾಗುತ್ತಾರಾ? ಸ್ಟೆಪ್ 1 ಕೂಡ 2022ರ ಜನವರಿಯಿಂದ ಪಾಸ್–ಫೇಲ್ ಅಷ್ಟೇ. ಅಲ್ಲಿ ಜಾಸ್ತಿ ಪಾಸ್, ಕಮ್ಮಿ ಪಾಸ್ ಅಂತ ಇಲ್ಲ. ಈಗಿನ ಅಳತೆಯಲ್ಲಿ ಸ್ಟೆಪ್ 1ರ ಪಾಸ್ ಮಟ್ಟಕ್ಕೆ ಸಮನಾದ ಸಿಬಿಎಸ್‌ಇ ಸ್ಕೋರ್ 62ರ ಆಸುಪಾಸು. ಅದಕ್ಕಿಂತ ನೆಮ್ಮದಿಯಾಗುವಷ್ಟು ಮೇಲಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೊಸ್ತಿಲು ದಾಟಲು ಎಷ್ಟು ಬೇಕೋ ಅಷ್ಟು ಕಾಲೆತ್ತಿದರೆ ಸಾಕು. ಇನ್ನೂ ಮೇಲೆತ್ತಿದರೆ ಮನೆಯೊಳಗೆ ಜಾಸ್ತಿ ಜಾಗವೇನೂ ಸಿಗುವುದಿಲ್ಲ.

ನಮ್ಮ ಮಕ್ಕಳಿಗೆ ಇದು ಯಾಕೆ ತಲೆಗೆ ಹೋಗುವುದಿಲ್ಲ ಅಂತ ನಾನು ತುಂಬಾ ಯೋಚಿಸಿದ್ದೇನೆ. ತಪ್ಪು ಅವರದ್ದಲ್ಲ. ಊರಲ್ಲಿ ನೀಟ್ ಎಂಡಿಎಸ್ ಅಂದರೆ 960 ಅಂಕ, ಅದರ ಮೇಲೆ ರ‍್ಯಾಂಕ್, ಆ ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್. ಒಂದು ಅಂಕ ಹೋದರೆ ನೂರು ಜನ ಮುಂದೆ ಹೋಗುತ್ತಾರೆ, ಸರ್ಜರಿ ಸೀಟು ಹೋಗಿ ಇನ್ಯಾವುದೋ ಬರುತ್ತದೆ. ಅಲ್ಲಿ ನಿಮ್ಮನ್ನು ಯಾರೂ ಮುಖ ನೋಡಿ ಆರಿಸುವುದಿಲ್ಲ, ಸಂಖ್ಯೆಯೇ ಆರಿಸುತ್ತದೆ. ಆ ವ್ಯವಸ್ಥೆಯಲ್ಲಿ ಬೆಳೆದವರಿಗೆ, ಅಥವಾ ಆ ವ್ಯವಸ್ಥೆಯಲ್ಲಿ ಬೆಳೆದ ಅಪ್ಪ ಅಮ್ಮ ಇರುವವರಿಗೆ, 71 ಮತ್ತು 75ರ ನಡುವೆ ನಾಲ್ಕು ಅಂಕ ಕಾಣುವುದಿಲ್ಲ. ನಾನೂರು ಜನ ಕಾಣುತ್ತಾರೆ. ಇಲ್ಲಿ ಹಾಗಿಲ್ಲ ನೋಡಿ. ಇಲ್ಲಿ ಕೌನ್ಸೆಲಿಂಗ್ ಇಲ್ಲ. ಪ್ರತಿ ಪ್ರೋಗ್ರಾಮೂ ತಾನೇ ಅರ್ಜಿ ಓದಿ, ತಾನೇ ಇಂಟರ್‌ವ್ಯೂ ಮಾಡಿ, ತನ್ನದೇ ಪಟ್ಟಿ ಬರೆಯುತ್ತದೆ. ಆ ಪಟ್ಟಿ ಬರೆಯುವವರು ನಿಮ್ಮ ಜೊತೆ ನಾಲ್ಕು ಅಥವಾ ಆರು ವರ್ಷ ಕೆಲಸ ಮಾಡಬೇಕಾದ ಮನುಷ್ಯರು.

ಇನ್ನೊಂದು ವಿಷಯ. ಅದೇ ವ್ಯಕ್ತಿಯನ್ನು ಒಂದು ವಾರ ಬಿಟ್ಟು ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದರೆ ಸ್ಕೋರ್ ಎರಡು ಮೂರು ಅಂಕ ಆಚೀಚೆ ಆಗುವುದು ಸಹಜ. ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಅಷ್ಟು ಅಲುಗಾಟ ಇದ್ದೇ ಇರುತ್ತದೆ. ಹತ್ತಾರು ವರ್ಷ ಅರ್ಜಿ ನೋಡಿದವರಿಗೆ ಇದು ಗೊತ್ತಿರುತ್ತದೆ. 71 ಬಂದವನು 73 ಬಂದವನಿಗಿಂತ ಕಮ್ಮಿ ಅಂತ ಅವರು ತಿಳಿಯುವುದಿಲ್ಲ. ನೀವು ಮಾತ್ರ ತಿಳಿದುಕೊಂಡು ನಿದ್ದೆ ಕೆಡಿಸಿಕೊಳ್ಳುತ್ತೀರಿ.

ಹಾಗಂತ ಸ್ಕೋರ್ ಬೇಡ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಅರ್ಜಿಗಳ ಮೊದಲ ಜರಡಿಯಲ್ಲಿ ಅದೇ ದೊಡ್ಡದು. 62ರ ಹತ್ತಿರವೋ ಕೆಳಗೋ ಇದ್ದರೆ ಮತ್ತೆ ಬರೆಯಿರಿ, ಎರಡು ಮಾತಿಲ್ಲ. ಎಷ್ಟೋ ಕಡೆ ನಿಮ್ಮ ಫೈಲ್ ತೆರೆಯುವುದೇ ಇಲ್ಲ, ಅರ್ಜಿಯ ದುಡ್ಡು ದಂಡ. ಆರು ವರ್ಷದ ಪ್ರೋಗ್ರಾಮುಗಳು ಸಾಮಾನ್ಯವಾಗಿ ಮೇಲಿನ ಸ್ಕೋರ್ ಬಯಸುತ್ತವೆ. ಕ್ಲಾಸ್ ರ‍್ಯಾಂಕ್ ಕೆಳಗಿರುವವರಿಗೆ ಒಳ್ಳೆಯ ಸ್ಕೋರ್ ನಿಜಕ್ಕೂ ಕೈ ಹಿಡಿಯುತ್ತದೆ. ಹೊರದೇಶದಲ್ಲಿ ಬಿಡಿಎಸ್ ಮಾಡಿ, ಇಲ್ಲಿಯ ಡಿಗ್ರಿ ಇಲ್ಲದೆ ನೇರವಾಗಿ ಅರ್ಜಿ ಹಾಕುವವರನ್ನು ಕೆಲವು ಪ್ರೋಗ್ರಾಮು ತೆಗೆದುಕೊಳ್ಳುತ್ತವೆ, ಹಲವು ತೆಗೆದುಕೊಳ್ಳುವುದಿಲ್ಲ. ಅವರಿಗೆ ಲೆಕ್ಕವೇ ಬೇರೆ, ಒಂದೊಂದು ಪ್ರೋಗ್ರಾಮಿಗೂ ಬರೆದು ಕೇಳಬೇಕು. ಸೀನಿಯರ್‌ಗಳು ಹೇಳುವ ಹಳೆಯ ಸಂಖ್ಯೆಗಳನ್ನು ಕೇಳಿ ಹೆದರಬೇಡಿ. ಅಳತೆ ಮಧ್ಯದಲ್ಲಿ ಬದಲಾಗಿದೆ. ಹಳೆಯ ಅಳತೆಯ 70 ಅಂದರೆ ಸ್ಟೆಪ್ 1ರ 200ಕ್ಕೆ ಸಮ ಅಂತಿತ್ತು. ಆ 70 ಬೇರೆ, ಈಗಿನ 70 ಬೇರೆ.

ಈಗ ಜರಡಿ ದಾಟಿದ ಮೇಲೆ ಏನಾಗುತ್ತದೆ ಹೇಳುತ್ತೇನೆ. ನಾನು ಕಂಡ ಕಡೆಗಳ ಮಾತು ಇದು, ಎಲ್ಲ ಕಡೆ ಹೀಗೇ ಅಂತಲ್ಲ.

ಎಕ್ಸ್‌ಟರ್ನ್‌ಶಿಪ್‌ಗೆ (ವಿದ್ಯಾರ್ಥಿಗಳು ಬೇರೆ ಆಸ್ಪತ್ರೆಯಲ್ಲಿ ಕೆಲವು ವಾರ ಜೊತೆಗಿದ್ದು ಕಲಿಯುವುದು) ಅಂತ ಒಬ್ಬ ಹುಡುಗಿ ಎರಡು ವಾರ ಬಂದಿದ್ದಳು. ಮಾತು ಕಮ್ಮಿ. ಒಂದು ರಾತ್ರಿ ಎಮರ್ಜೆನ್ಸಿಗೆ ಕೆಳದವಡೆ ಮುರಿದ ರೋಗಿ ಬಂದ. ರೆಸಿಡೆಂಟ್ ಮರಗಟ್ಟಿಸುವ ಔಷಧಿಯನ್ನು ಸಿರಿಂಜಿಗೆ ಏರಿಸುತ್ತಿದ್ದ. ಇವಳು ಮೆತ್ತಗೆ, "ತುಟಿ ಕೇಳೋಣ್ವಾ ಮೊದಲು?" ಅಂದಳು. ರೋಗಿಯ ಕೆಳತುಟಿಯನ್ನು, ಗಲ್ಲವನ್ನು ಎರಡೂ ಕಡೆ ಹತ್ತಿಯಿಂದ ಮುಟ್ಟಿ ಕೇಳಿದಳು. ಎಡಗಡೆ ಗೊತ್ತಾಗುತ್ತಿರಲಿಲ್ಲ. ಅದನ್ನು ಗಂಟೆ ಹಾಕಿ ಚಾರ್ಟಿನಲ್ಲಿ ಬರೆಸಿದಳು. ಕೆಳದವಡೆಯ ಮೂಳೆಯೊಳಗೇ ತುಟಿಗೆ ಸ್ಪರ್ಶ ಕೊಡುವ ನರ ಹೋಗುತ್ತದೆ. ಮೂಳೆ ಮುರಿದಾಗ ಅದಕ್ಕೂ ಪೆಟ್ಟು ಬೀಳಬಹುದು. ಒಮ್ಮೆ ಇಂಜೆಕ್ಷನ್ ಕೊಟ್ಟರೆ ಮುಗಿಯಿತು. ಆಮೇಲೆ ಆ ತುಟಿ ಹೊಡೆತಕ್ಕೆ ಜೋಮು ಹಿಡಿದದ್ದೋ, ನಾವು ಪ್ಲೇಟ್ ಹಾಕುವಾಗ ಆದದ್ದೋ ಯಾರಿಗೂ ಹೇಳಲಾಗುವುದಿಲ್ಲ. ಇದು ಎಲ್ಲರೂ ಓದಿದ ವಿಷಯವೇ. ರಾತ್ರಿ ಎರಡು ಗಂಟೆಗೆ, ರೋಗಿ ನರಳುತ್ತಿರುವಾಗ, ಎಲ್ಲರಿಗೂ ಬೇಗ ಮುಗಿದರೆ ಸಾಕು ಅನಿಸಿರುವಾಗ ಅದು ನೆನಪಾಗುವುದು ಬೇರೆ ವಿಷಯ.

ಆ ವರ್ಷ ಪಟ್ಟಿ ಮಾಡುವ ಸಭೆಯಲ್ಲಿ ಅವಳ ಹೆಸರು ಬಂದಾಗ ಆ ರೆಸಿಡೆಂಟ್ ಇದನ್ನೇ ಹೇಳಿದ. ಚೀಫ್ ರೆಸಿಡೆಂಟ್ ಕೂಡ ತಲೆಯಾಡಿಸಿದಳು. ಆ ಹುಡುಗಿಯ ಸ್ಕೋರ್ ಎಷ್ಟು ಅಂತ ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಇಂಟರ್‌ವ್ಯೂಗೆ ಕರೆದಿದ್ದೇವೆ ಅಂದಮೇಲೆ ಸಾಕಷ್ಟಿರುತ್ತದೆ, ಅಷ್ಟೇ. ಅದೇ ಸಭೆಯಲ್ಲಿ ಬಹಳ ದೊಡ್ಡ ಸ್ಕೋರಿನ ಒಬ್ಬರ ಫೈಲೂ ಇತ್ತು. ಒಂದೂ ಎಕ್ಸ್‌ಟರ್ನ್‌ಶಿಪ್ ಇಲ್ಲ. ಮೂರು ಶಿಫಾರಸು ಲೆಟರ್, ಮೂರೂ "ಈ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಚೆನ್ನಾಗಿ ಓದಿದರು" ಅನ್ನುವಂಥವು. ಬಹುಶಃ ತುಂಬಾ ಒಳ್ಳೆಯ ಹುಡುಗ. ಆದರೆ ಅವನ ಬಗ್ಗೆ ಮಾತಾಡುವವರು ಒಬ್ಬರೂ ಇರಲಿಲ್ಲ. ನನಗೆ ಬೇಜಾರಾಗುವುದು ಇಂಥದ್ದಕ್ಕೇ. ಆ ಸ್ಕೋರಿಗಾಗಿ ಕೂತ ತಿಂಗಳುಗಳಲ್ಲಿ ಎರಡು ವಾರ ಯಾವುದಾದರೂ ಆಸ್ಪತ್ರೆಯಲ್ಲಿ ಕಳೆದಿದ್ದರೆ?

ಲೆಟರ್ ಬಗ್ಗೆ ಕೇಳಿದಾಗೆಲ್ಲ ನಾನು ಹೇಳುವುದು ಇಷ್ಟೇ. ದೊಡ್ಡ ಹೆಸರಿನವರ ನಾಲ್ಕು ಸಾಲಿಗಿಂತ, ಆಪರೇಷನ್ನಿನಲ್ಲಿ ನಿಮ್ಮ ಕೈಯಲ್ಲಿ ಸಕ್ಷನ್ (ರಕ್ತ ಎಳೆಯುವ ನಳಿಗೆ) ಕೊಟ್ಟು ನಿಲ್ಲಿಸಿಕೊಂಡ ಸರ್ಜನ್ ಬರೆದ ಒಂದು ಪುಟ ಮೇಲು. ನೀವು ಏನು ಮಾಡಿದಿರಿ ಅಂತ ಅವರು ಬರೆಯಬಲ್ಲರು. ಕೇಳುವಾಗ "ನನ್ನ ಬಗ್ಗೆ ಗಟ್ಟಿಯಾಗಿ ಬರೆಯಲು ನಿಮಗೆ ಆಗುತ್ತದಾ?" ಅಂತ ನೇರವಾಗಿ ಕೇಳಿ. ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಕೇಳಿ.

ಪ್ರೋಗ್ರಾಮುಗಳನ್ನು ನೀವು ಇಷ್ಟದ ಕ್ರಮದಲ್ಲಿ ಬರೆದು ಕೊನೆಯಲ್ಲಿ ಕೊಡುವ ರ‍್ಯಾಂಕ್ ಲಿಸ್ಟ್ ವಿಷಯದಲ್ಲೂ ಇದೇ ಸ್ಕೋರಿನ ಭಯ ಕೆಲಸ ಮಾಡುತ್ತದೆ. "ನನ್ನ ಸ್ಕೋರಿಗೆ ಅಲ್ಲಿ ಸಿಗಲ್ಲ" ಅಂತ ಇಷ್ಟದ ಪ್ರೋಗ್ರಾಮನ್ನು ಕೆಳಗೆ ಹಾಕುತ್ತಾರೆ. ಬೇಡ. ಎರಡೂ ಕಡೆಯ ಪಟ್ಟಿ ಹೊಂದಿಸಿ ಸೀಟು ಹಂಚುವ ಮ್ಯಾಚ್ ಲೆಕ್ಕ ಶುರುವಾಗುವುದೇ ಅಭ್ಯರ್ಥಿಯ ಪಟ್ಟಿಯಿಂದ. ಮೊದಲಿನದು ಸಿಗದಿದ್ದರೆ ಎರಡನೆಯದರಲ್ಲಿ ನಿಮ್ಮ ಅವಕಾಶ ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಮನಸ್ಸಿಗೆ ಯಾವುದು ಮೊದಲೋ ಅದನ್ನೇ ಮೊದಲು ಬರೆಯಿರಿ.

ಮ್ಯಾಚ್ ಆಗದೇ ಹೋದರೂ ಮತ್ತೆ ಮನೆಯಲ್ಲಿ ಪ್ರಶ್ನೆ ಬಿಡಿಸುತ್ತಾ ಕೂರಬೇಡಿ. ಮ್ಯಾಚಿನ ಹೊರಗೆ ಒಂದು ವರ್ಷದ ಓರಲ್ ಸರ್ಜರಿ ಇಂಟರ್ನ್‌ಶಿಪ್ ಕೊಡುವ ಆಸ್ಪತ್ರೆಗಳಿವೆ. ಕೆಲಸ ಜಾಸ್ತಿ, ನಿದ್ದೆ ಕಮ್ಮಿ, ಆದರೆ ಮುಂದಿನ ವರ್ಷ ನಿಮ್ಮ ಹೆಸರು ಹೇಳುವ ನಾಲ್ಕು ಜನ ಇರುತ್ತಾರೆ. ಎಕ್ಸ್‌ಟರ್ನ್‌ಶಿಪ್ ಬೇಕಾದವರು ಪ್ರೋಗ್ರಾಮ್ ಕೋಆರ್ಡಿನೇಟರ್‌ಗೆ ಇವತ್ತೇ ಮೇಲ್ ಹಾಕಿ. ಬೇಸಿಗೆಯ ವಾರಗಳು ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ಲಸಿಕೆಯ ದಾಖಲೆ, ಕಾಲೇಜಿನ ಪತ್ರ ಎಲ್ಲ ಒಂದೇ ಸಲ ಕಳಿಸಿ, ಅವರನ್ನು ಮೂರು ಸಲ ಕೇಳುವ ಹಾಗೆ ಮಾಡಬೇಡಿ.